ಕರ್ನಾಟಕದಲ್ಲಿ ಅಂಗಾಂಗ ಕಸಿ

ಅಂಗಾಂಗ ಕಸಿ ಎಂದರೆ ಕಾರ್ಯಶಕ್ತಿ ಕಳೆದುಕೊಂಡ ಅಂಗದ ಕೆಲಸವನ್ನು ನಿರ್ವಹಿಸಲು ಮತ್ತೊಬ್ಬ ವ್ಯಕ್ತಿಯಿಂದ ಪಡೆದ ಅಂಗವನ್ನು ರೋಗಿಯ ದೇಹಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆ. ಕರ್ನಾಟಕದಲ್ಲಿ ಮೂತ್ರಪಿಂಡ, ಯಕೃತ್ತು, ಹೃದಯ ಹಾಗೂ ಶ್ವಾಸಕೋಶಗಳ ಕಸಿ ನಡೆಯುತ್ತದೆ. ಮೃತ ದಾನಿಗಳಿಂದ ದೊರೆಯುವ ಅಂಗಗಳ ಹಂಚಿಕೆಯನ್ನು ಬೆಂಗಳೂರಿನಲ್ಲಿರುವ 'ಜೀವಸಾರ್ಥಕತೆ' ಸಂಸ್ಥೆ ನಿರ್ವಹಿಸುತ್ತದೆ. 2023ರಲ್ಲಿ ರಾಜ್ಯದಲ್ಲಿ 178 ಮಂದಿಯ ಅಂಗಾಂಗಗಳನ್ನು ಮರಣಾನಂತರ ದಾನ ಮಾಡಲಾಯಿತು. ಇದು ದೇಶದ ಮುಂಚೂಣಿ ರಾಜ್ಯಗಳ ಸಾಲಿನ ಸಂಖ್ಯೆಯಾದರೂ ಅಗತ್ಯಕ್ಕೆ ಹೋಲಿಸಿದರೆ ಅತ್ಯಲ್ಪ.

ವೈದ್ಯಕೀಯ ಹಿನ್ನೆಲೆ

ಮೊದಲ ಯಶಸ್ವಿ ಮೂತ್ರಪಿಂಡ ಕಸಿ 1954ರ ಡಿಸೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಮುರ್ರೆ ಅವರ ನೇತೃತ್ವದಲ್ಲಿ ನಡೆಯಿತು. ದಾನಿಯೂ ರೋಗಿಯೂ ತದ್ರೂಪಿ ಅವಳಿಗಳಾಗಿದ್ದುದೇ ಆ ಯಶಸ್ಸಿಗೆ ಕಾರಣ. ಉಳಿದವರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಹೊಸ ಅಂಗವನ್ನು ಹೊರಗಿನದೆಂದು ಗುರುತಿಸಿ ತಿರಸ್ಕರಿಸುತ್ತಿತ್ತು. 1980ರ ದಶಕದಲ್ಲಿ ಸೈಕ್ಲೊಸ್ಪೊರಿನ್, ಮುಂದಿನ ದಶಕದಲ್ಲಿ ಟ್ಯಾಕ್ರೊಲಿಮಸ್ ಔಷಧಗಳು ಬಳಕೆಗೆ ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ಹತೋಟಿಗೆ ಬಂದಿತು. ಭಾರತದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು 1971ರಲ್ಲಿ ಮೂತ್ರಪಿಂಡ ಕಸಿಯಲ್ಲಿ ಯಶಸ್ಸು ಕಂಡಿತು. ದೇಶದ ಮೊದಲ ಯಶಸ್ವಿ ಹೃದಯ ಕಸಿ 1994ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ನಡೆಯಿತು.

ಮೂತ್ರಪಿಂಡ ಕಸಿಯಲ್ಲಿ ರೋಗಿಯ ಹಳೆಯ ಮೂತ್ರಪಿಂಡಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಹೊಸದನ್ನು ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಇರಿಸಿ ಅಲ್ಲಿನ ರಕ್ತನಾಳಗಳಿಗೆ ಜೋಡಿಸುತ್ತಾರೆ. ಆ ಅಂಗ ಕೆಲಸ ಮಾಡುತ್ತಿರುವವರೆಗೂ ರೋಗಿ ನಿರೋಧಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ನುಂಗುತ್ತಿರಬೇಕು. ಇದರಿಂದ ಸೋಂಕಿನ ಅಪಾಯ ಹೆಚ್ಚುತ್ತದೆ, ಮಾತ್ರೆ ಬಿಟ್ಟರೆ ಅಂಗವೇ ಕೈತಪ್ಪಬಹುದು.

ಕಾನೂನು

1990ರ ದಶಕದ ಆರಂಭದವರೆಗೆ ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಬಡವರಿಂದ ಹಣಕ್ಕೆ ಮೂತ್ರಪಿಂಡ ಖರೀದಿಸುವ ದಂಧೆ ನಡೆಯುತ್ತಿತ್ತು. ಸಂಸತ್ತು 1994ರಲ್ಲಿ ಅಂಗೀಕರಿಸಿದ ಮಾನವ ಅಂಗಾಂಗ ಕಸಿ ಕಾಯಿದೆಯು ಅಂಗಾಂಗ ಮಾರಾಟವನ್ನು ಅಪರಾಧವೆಂದು ಸಾರಿತು. ಮೆದುಳುಕಾಂಡದ ಸಾವಿಗೆ ಕಾನೂನಿನ ಮಾನ್ಯತೆ ನೀಡಿತು. 2011ರ ತಿದ್ದುಪಡಿಯು ಅಜ್ಜ, ಅಜ್ಜಿ ಮತ್ತು ಮೊಮ್ಮಕ್ಕಳನ್ನು ಹತ್ತಿರದ ಸಂಬಂಧಿಗಳ ಪಟ್ಟಿಗೆ ಸೇರಿಸಿತು. ರಕ್ತದ ಗುಂಪು ಹೊಂದದ ಎರಡು ಕುಟುಂಬಗಳು ಪರಸ್ಪರ ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲೂ ಅವಕಾಶ ನೀಡಿತು. ಹತ್ತಿರದ ಸಂಬಂಧಿಯಲ್ಲದವರು ಅಂಗ ನೀಡಬೇಕಾದರೆ ಅಧಿಕೃತ ಸಮಿತಿಯ ಒಪ್ಪಿಗೆ ಕಡ್ಡಾಯ.

ದೇಶದಲ್ಲಿ ಇಂದಿಗೂ ಬಹುಪಾಲು ಕಸಿಗಳು ಜೀವಂತ ದಾನಿಗಳನ್ನೇ ನೆಚ್ಚಿಕೊಂಡಿವೆ. ಹೀಗೆ ಅಂಗ ಕೊಡುವವರಲ್ಲಿ ಮಹಿಳೆಯರು ಹೆಚ್ಚು, ಪಡೆಯುವವರಲ್ಲಿ ಪುರುಷರು ಹೆಚ್ಚು. ಈ ಅಸಮತೋಲನದ ಕಾರಣ ವೈದ್ಯಕೀಯವಲ್ಲ, ಕೌಟುಂಬಿಕ.

ಮೆದುಳುಕಾಂಡದ ಸಾವು ಮತ್ತು ಒಪ್ಪಿಗೆ

ತಲೆಗೆ ತೀವ್ರ ಪೆಟ್ಟು ಬಿದ್ದಾಗ ಅಥವಾ ಮೆದುಳಿನಲ್ಲಿ ರಕ್ತಸ್ರಾವವಾದಾಗ ಮೆದುಳುಕಾಂಡ ಶಾಶ್ವತವಾಗಿ ನಿಷ್ಕ್ರಿಯಗೊಳ್ಳಬಹುದು. ಕೃತಕ ಉಸಿರಾಟದ ನೆರವಿನಿಂದ ಹೃದಯ ಮಾತ್ರ ಕೆಲಕಾಲ ಮಿಡಿಯುತ್ತಿರುತ್ತದೆ. ನಾಲ್ವರು ವೈದ್ಯರ ಮಂಡಳಿ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಇದನ್ನು ದೃಢಪಡಿಸಬೇಕು. ಇದು ಕೋಮಾ ಅಲ್ಲ. ಕೋಮಾದಿಂದ ಚೇತರಿಕೆ ಸಾಧ್ಯ, ಇದರಿಂದ ಸಾಧ್ಯವಿಲ್ಲ. ಆದರೆ ಬೆಚ್ಚಗಿರುವ ಮೈ, ಏರಿಳಿಯುವ ಎದೆ ಕಣ್ಣೆದುರಿಗಿರುವಾಗ ಮನೆಯವರಿಗೆ ಈ ಮಾತು ಒಪ್ಪಿಗೆಯಾಗುವುದು ಸುಲಭವಲ್ಲ. ಬದುಕಿದ್ದಾಗ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದ್ದರೂ ಕೊನೆಗೆ ಕುಟುಂಬದ ಒಪ್ಪಿಗೆ ಬೇಕಾಗುತ್ತದೆ. 2021ರ ಜೂನ್‌ನಲ್ಲಿ ಬೆಂಗಳೂರಿನ ಬೈಕ್ ಅಪಘಾತದಲ್ಲಿ ಗಾಯಗೊಂಡ ನಟ ಸಂಚಾರಿ ವಿಜಯ್ ಅವರ ಮೆದುಳು ನಿಷ್ಕ್ರಿಯಗೊಂಡಾಗ ಅವರ ಕುಟುಂಬ ಅಂಗಾಂಗ ದಾನಕ್ಕೆ ಒಪ್ಪಿದ್ದು ರಾಜ್ಯದಲ್ಲಿ ಈ ವಿಷಯವನ್ನು ಮನೆಮಾತಾಗಿಸಿತು.

ಹಂಚಿಕೆ ಮತ್ತು ಸಾಗಣೆ

ದೇಹದಿಂದ ತೆಗೆದ ಹೃದಯವನ್ನು 4ರಿಂದ 6 ಗಂಟೆಗಳೊಳಗೆ ಜೋಡಿಸಬೇಕು. ಯಕೃತ್ತಿಗೆ ಸುಮಾರು 12 ಗಂಟೆ, ಮೂತ್ರಪಿಂಡಕ್ಕೆ 24 ಗಂಟೆ ಅಥವಾ ತುಸು ಹೆಚ್ಚು ಕಾಲಾವಕಾಶವಿದೆ. ಆದ್ದರಿಂದ ಪೊಲೀಸರು ವಾಹನ ಸಂಚಾರ ತಡೆದು ಆಂಬುಲೆನ್ಸ್‌ಗೆ 'ಹಸಿರು ಪಥ' ಒದಗಿಸುತ್ತಾರೆ. 2025ರ ಆಗಸ್ಟ್‌ನಲ್ಲಿ ವೈಟ್‌ಫೀಲ್ಡ್‌ನಿಂದ ರಾಜರಾಜೇಶ್ವರಿ ನಗರಕ್ಕೆ ಯಕೃತ್ತೊಂದನ್ನು 'ನಮ್ಮ ಮೆಟ್ರೊ' ರೈಲಿನಲ್ಲಿ ಸಾಗಿಸಲಾಯಿತು. ಅಂಗವನ್ನು ಮಂಜುಗಡ್ಡೆಯಲ್ಲಿಡುವ ಬದಲು ಅದರೊಳಗೆ ದ್ರವವನ್ನು ಹರಿಸುತ್ತ ಕಾಪಾಡುವ ಯಂತ್ರಗಳೂ ಬಂದಿವೆ. ಅವುಗಳ ಬೆಲೆ ದುಬಾರಿ.

ಕಲ್ಯಾಣ ಕರ್ನಾಟಕದ ಸ್ಥಿತಿ

ಕಸಿ ಸೌಲಭ್ಯಗಳು ಬಹುತೇಕ ಬೆಂಗಳೂರಿನಲ್ಲೂ ಕೆಲವು ದೊಡ್ಡ ನಗರಗಳಲ್ಲೂ ಕೇಂದ್ರೀಕೃತವಾಗಿವೆ. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಕುರಕುಂಟಾದಂತಹ ಊರಿನಿಂದ ಬೆಂಗಳೂರು 500 ಕಿ.ಮೀ.ಗೂ ದೂರ, ನೆರೆರಾಜ್ಯದ ಹೈದರಾಬಾದ್ 200 ಕಿ.ಮೀ.ಗಿಂತ ಹತ್ತಿರ. ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಜನರಿಗೆ 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಕೈಗೊಂಡ ನಿರ್ಧಾರ ಈ ಕಾರಣಕ್ಕೆ ಮಹತ್ವದ್ದು. ಮೃತ ದಾನಿಯ ಅಂಗಕ್ಕಾಗಿ ಹೆಸರು ನೋಂದಾಯಿಸಲು ಆಯಾ ರಾಜ್ಯದ ನಿವಾಸಿಯಾಗಿರಬೇಕೆಂಬ ಷರತ್ತನ್ನೂ 65 ವರ್ಷದ ವಯೋಮಿತಿಯನ್ನೂ ಅದು ತೆಗೆದುಹಾಕಿತು.

ವೆಚ್ಚದ ಪ್ರಶ್ನೆ ಇದರಿಂದ ಬಗೆಹರಿಯುವುದಿಲ್ಲ. ಡಯಾಲಿಸಿಸ್ ತಾಲ್ಲೂಕು ಆಸ್ಪತ್ರೆಗಳವರೆಗೆ ಬಂದಿದೆ. ಆದರೆ ವಾರಕ್ಕೆ ಎರಡು ಮೂರು ದಿನ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಅಲ್ಲಿ ಕಳೆಯಬೇಕಾದ ಕೂಲಿಕಾರನಿಗೆ ದುಡಿಮೆಯೇ ತಪ್ಪುತ್ತದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ರಾಜ್ಯ ಸರ್ಕಾರದ ನೆರವಿದೆ. ಕಸಿ ನಡೆಸದ ಆಸ್ಪತ್ರೆಯೂ ಅಂಗ ಪಡೆಯುವ ಕೇಂದ್ರವಾಗಿ ನೋಂದಾಯಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ತೀವ್ರ ನಿಗಾ ಘಟಕವಿರುವ ಜಿಲ್ಲಾ ಕೇಂದ್ರದ ಆಸ್ಪತ್ರೆಗಳಿಗೆ ಇದು ಅನ್ವಯಿಸುವ ದಾರಿ.

ಪ್ರಾಣಿ ಅಂಗಗಳ ಪ್ರಯೋಗ

ದಾನಿಗಳ ಕೊರತೆ ನೀಗಲು ವಂಶವಾಹಿ ತಿದ್ದಿದ ಹಂದಿಗಳ ಅಂಗಗಳನ್ನು ಬಳಸುವ ಪ್ರಯೋಗಗಳು ಅಮೆರಿಕದಲ್ಲಿ ನಡೆದಿವೆ. 2022ರ ಜನವರಿಯಲ್ಲಿ ಮೇರಿಲ್ಯಾಂಡ್‌ನಲ್ಲಿ ಹಂದಿಯ ಹೃದಯ ಪಡೆದ ರೋಗಿ ಸುಮಾರು ಎರಡು ತಿಂಗಳು ಬದುಕಿದರು. 2024ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ 69 ತಿದ್ದುಪಡಿಗಳುಳ್ಳ ಹಂದಿಯ ಮೂತ್ರಪಿಂಡವನ್ನು ಜೀವಂತ ರೋಗಿಗೆ ಜೋಡಿಸಲಾಯಿತು.

ನೇತ್ರದಾನ

ಕಣ್ಣಿನ ಕಾರ್ನಿಯಾ ಅಂಗವಲ್ಲ, ಅಂಗಾಂಶ. ಇದನ್ನು ದಾನ ಮಾಡಲು ಮೆದುಳು ನಿಷ್ಕ್ರಿಯವಾಗಿರಬೇಕಿಲ್ಲ, ಆಸ್ಪತ್ರೆಯಲ್ಲೇ ಮೃತಪಟ್ಟಿರಬೇಕಿಲ್ಲ. ಸಾವಿನ ನಂತರ 6 ಗಂಟೆಗಳೊಳಗೆ ನೇತ್ರ ಬ್ಯಾಂಕಿನ ತಂಡ ಮನೆಗೇ ಬಂದು ಪಡೆಯಬಹುದು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಒದ್ದೆ ಬಟ್ಟೆ ಇರಿಸಿ, ಫ್ಯಾನ್ ಆರಿಸಿ, ತಲೆಯನ್ನು ತುಸು ಎತ್ತರಿಸಿಡಬೇಕು. 2006ರಲ್ಲಿ ಡಾ. ರಾಜಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಲಾಗಿತ್ತು. 2021ರ ಅಕ್ಟೋಬರ್ 29ರಂದು ನಿಧನರಾದ ಅವರ ಪುತ್ರ ಪುನೀತ್ ರಾಜಕುಮಾರ್ ಅವರ ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಮುಂಪದರ, ಹಿಂಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ಅಳವಡಿಸಲಾಯಿತು.