ಸೀಸದಿಂದ ಲಿಥಿಯಂಗೆ: ಸರ್ಕಾರದ ಆಸರೆ ಎಲ್ಲಿಯವರೆಗೆ?

ಕರ್ನಾಟಕದ ಬ್ಯಾಟರಿ ಉದ್ಯಮದ ಬಗ್ಗೆ ಈಚೆಗೆ ಬರುವ ಲೇಖನಗಳಿಗೆಲ್ಲ 2021 ಹುಟ್ಟಿದ ವರ್ಷ. ಆ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ಸುಧಾರಿತ ಸೆಲ್ ತಯಾರಿಕೆಗೆಂದು 18,100 ಕೋಟಿ ರೂಪಾಯಿಯ ಉತ್ಪಾದನಾ ಆಧಾರಿತ ಪ್ರೋತ್ಸಾಹಧನಕ್ಕೆ, ಅಂದರೆ ಪಿಎಲ್‌ಐಗೆ, ಒಪ್ಪಿಗೆ ಕೊಟ್ಟಿತು. ಅಂದಿನಿಂದ ಮಾತೆಲ್ಲ ಗಿಗಾವ್ಯಾಟ್ ಅವರ್‌ನಲ್ಲೇ. ಅದಕ್ಕೂ ಮೊದಲು ಇಲ್ಲಿ ಯಾರೂ ಬ್ಯಾಟರಿ ಮುಟ್ಟಿರಲಿಲ್ಲ, ಬೆಂಗಳೂರಿನಾಚೆ ಯಾರಿಗೂ ಅದರ ಗೊಡವೆಯಿರಲಿಲ್ಲ ಎಂದು ಓದುಗರು ನಂಬಬೇಕು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕರೆಂಟ್ ಕಾಣದ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು ಇದನ್ನು ಓದಿ ನಕ್ಕಾರು. ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ, ನೀರು ಯಾವಾಗ ಹಾಕಬೇಕು, ಹಳೆಯದನ್ನು ಕೊಟ್ಟರೆ ಹೊಸದರಲ್ಲಿ ಎಷ್ಟು ಕಳೆಯುತ್ತಾರೆ ಎಂಬ ಲೆಕ್ಕ ಇಲ್ಲಿನ ಮನೆಗಳಿಗೆ ಹೊಸತಲ್ಲ. ಸೀಸದ ಕಾಲದಲ್ಲಿ ಈ ಕೆಲಸಕ್ಕೆ ಬಂದು ಲಿಥಿಯಂ ಕಾಲದಲ್ಲೂ ಅದರಲ್ಲೇ ಉಳಿದ ನನಗೆ, ಸರ್ಕಾರದ ಬೆಂಬಲದ ಕತೆಯನ್ನು ಈ ತುದಿಯಿಂದ ಹೇಳಬೇಕೆನಿಸಿದೆ.

ಹಳೆಯದನ್ನು ಬೇಗ ಮುಗಿಸುತ್ತೇನೆ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಸೀಸ-ಆಮ್ಲದ ಬ್ಯಾಟರಿ ಮಾಡಿದ್ದು 1859ರಲ್ಲಿ. ಸ್ವಾತಂತ್ರ್ಯದ ನಂತರ ನಮ್ಮಲ್ಲಿ ಅದಕ್ಕೆ ಲಾರಿ, ರೈಲು, ಟೆಲಿಫೋನ್ ಎಕ್ಸ್‌ಚೇಂಜ್‌ಗಳೇ ಗಿರಾಕಿಗಳು; ಲೈಸೆನ್ಸು ಮತ್ತು ಆಮದು ಸುಂಕ, ಇವೇ ಸರ್ಕಾರದ ನೀತಿ. 1953ರಲ್ಲಿ ತಮಿಳುನಾಡಿನ ಕಾರೈಕುಡಿಯಲ್ಲಿ ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನಾ ಸಂಸ್ಥೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ. ಶುಕ್ಲಾ, ಎನ್. ಮುನಿಚಂದ್ರಯ್ಯ ಮುಂತಾದವರು ಸದ್ದಿಲ್ಲದೆ ಕೆಲಸ ಮಾಡಿದರು. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಾಗ ಅದರ ರಸಾಯನ ಬಲ್ಲವರು ನಮ್ಮಲ್ಲೂ ಇದ್ದರು. ಅವರ ಪ್ರಬಂಧವನ್ನು ಕಾರ್ಖಾನೆಗೆ ದಾಟಿಸುವ ಹಣ ಮಾತ್ರ ಯಾವ ಇಲಾಖೆಯಲ್ಲೂ ಇರಲಿಲ್ಲ.

ನಿಜವಾದ ಶಾಲೆ ತೆರೆದದ್ದು ಎರಡು ಕಡೆ. ಒಂದು, ಸೌರದೀಪ. 1995ರಲ್ಲಿ ಹರೀಶ್ ಹಂದೆಯವರು ಸೆಲ್ಕೋ ಕಟ್ಟಿದ ಮೇಲೆ ಕರಾವಳಿ, ಮಲೆನಾಡಿನ ಒಂಟಿಮನೆಗಳಿಗೆ ಬ್ಯಾಂಕ್ ಸಾಲದಲ್ಲಿ ಪ್ಯಾನೆಲ್ ಮತ್ತು ಟ್ಯೂಬುಲರ್ ಬ್ಯಾಟರಿ ಬಂದವು. ಲಿಂಗನಮಕ್ಕಿ ಅಣೆಕಟ್ಟೆಗೆ ನೆಲ ಬಿಟ್ಟುಕೊಟ್ಟು ಹಿನ್ನೀರಿನ ಅಂಚಿಗೆ ಸರಿದವರ ಊರುಗಳಿಗೆ, ಅದೇ ನೀರಿನ ಕರೆಂಟ್ ಬರಲು ದಶಕಗಳೇ ಹಿಡಿದವು. ಅಂಥ ಮನೆಯಲ್ಲಿ ಬ್ಯಾಟರಿ ಅಲಂಕಾರದ ವಸ್ತುವಲ್ಲ. ಎಷ್ಟು ಹೊತ್ತು ದೀಪ ಉರಿಸಿದರೆ ಅದು ಬೇಗ ಸಾಯುತ್ತದೆ, ಜುಲೈನಲ್ಲಿ ಬಿಸಿಲಿಲ್ಲದಾಗ ಯಾವ ದೀಪ ಆರಿಸಬೇಕು ಎಂದು ಮನೆಯ ಹೆಂಗಸರೇ ನಿರ್ಧರಿಸುತ್ತಿದ್ದರು. ಬಳಕೆಯ ಆಳ ಮತ್ತು ಆಯುಷ್ಯದ ಸಂಬಂಧವನ್ನು ನಾವು ಪ್ರಯೋಗಾಲಯದ ಗ್ರಾಫ್‌ನಲ್ಲಿ ನೋಡಿದ್ದಕ್ಕಿಂತ ಸ್ಪಷ್ಟವಾಗಿ ಅವರು ಕಂಡಿದ್ದರು.

ಇನ್ನೊಂದು, ರೇವಾ. ಚೇತನ್ ಮೈನಿಯವರ ಪುಟ್ಟ ಕಾರು 2001ರಲ್ಲಿ ಬೆಂಗಳೂರಿನ ರಸ್ತೆಗಿಳಿಯಿತು. ಹೊಟ್ಟೆಯಲ್ಲಿ ಸೀಸದ ಬ್ಯಾಟರಿಗಳು. ಅದನ್ನು ಆಟಿಕೆ ಎಂದು ಹಾಸ್ಯ ಮಾಡಿದವರು, ಲಂಡನ್ನಿನಲ್ಲಿ ಅದೇ ಕಾರು ಜಿ-ವಿಜ್ ಹೆಸರಿನಲ್ಲಿ ಓಡಿದ್ದನ್ನು ಮರೆಯುತ್ತಾರೆ. ಚಾರ್ಜ್ ನಿಯಂತ್ರಣ, ಪ್ಯಾಕ್‌ನ ಬಿಸಿ, ಒಂದು ದುರ್ಬಲ ಸೆಲ್ಲು ಇಡೀ ಸಾಲನ್ನು ಕೆಡಿಸುವ ಬಗೆ ಇವನ್ನೆಲ್ಲ ಈ ನೆಲದಲ್ಲಿ ರಸ್ತೆಯ ಮೇಲೆ ಕಲಿತ ಮೊದಲ ಪೀಳಿಗೆ ಅದು. ಸರ್ಕಾರದಿಂದ ಸಿಕ್ಕಿದ್ದೇನು? 2010ರ ನವೆಂಬರ್‌ನಲ್ಲಿ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 95 ಕೋಟಿ ರೂಪಾಯಿಯ ಸಬ್ಸಿಡಿ ತಂದು, 2012ರ ಮಾರ್ಚ್‌ಗೆ ನಿಲ್ಲಿಸಿತು. ಸಬ್ಸಿಡಿ ನಿಂತದ್ದೇ ತಡ ವಿದ್ಯುತ್ ಸ್ಕೂಟರ್ ಮಾರಾಟ ಕುಸಿಯಿತು, ಅಂಗಡಿಗಳು ಮುಚ್ಚಿದವು. ಆಮೇಲೆ ಬಂದ ಯೋಜನೆಗಳು ಈ ಹದಿನೇಳು ತಿಂಗಳ ಅನುಭವದಿಂದ ಪಾಠ ಕಲಿತಂತೆ ನನಗೆ ಕಂಡಿಲ್ಲ.

ಸೀಸದವರಿಗೆ ಇನ್ನೊಂದು ಬಲವಿತ್ತು. 2001ರ ಬ್ಯಾಟರಿ ನಿಯಮಗಳು ಮಾರಿದವರೇ ಹಳೆಯದನ್ನು ವಾಪಸ್ ಪಡೆಯಬೇಕೆಂದವು. ಕಾನೂನಿಗಿಂತ ಹೆಚ್ಚು ಕೆಲಸ ಮಾಡಿದ್ದು ಸೀಸದ ಬೆಲೆ. ಸಾಗರದ ಪೇಟೆಯಲ್ಲಿ ಇಂದಿಗೂ ಹಳೆ ಇನ್ವರ್ಟರ್ ಬ್ಯಾಟರಿಗೆ ಕಿಲೋ ಲೆಕ್ಕದಲ್ಲಿ ದರ ಹೇಳುತ್ತಾರೆ. ಅದನ್ನು ಹೊಳೆಗೆಸೆಯುವ ಮಾತೇ ಇಲ್ಲ. ಹಾಗೆಂದು ಆ ಲೋಕ ಶುದ್ಧವಾಗಿತ್ತು ಎನ್ನಲಾರೆ. ಹಿತ್ತಿಲಲ್ಲಿ ಸೀಸ ಕರಗಿಸುವ ಕುಲುಮೆಗಳು ಎಷ್ಟೋ ಊರುಗಳ ಮಣ್ಣಿಗೂ ಮಕ್ಕಳ ರಕ್ತಕ್ಕೂ ವಿಷ ಸೇರಿಸಿವೆ. ಆದರೂ ವಸ್ತು ಹಿಂತಿರುಗುವ ದಾರಿಯೊಂದು ಇತ್ತು.

ಈಗ ಲಿಥಿಯಂ ಕಾಲ. 2015ರ ಏಪ್ರಿಲ್‌ನಲ್ಲಿ ವಿದ್ಯುತ್ ವಾಹನಗಳಿಗೆ ಕೇಂದ್ರದ ಸಬ್ಸಿಡಿ ಕೊಡುವ ಫೇಮ್ ಯೋಜನೆಯ ಮೊದಲ ಹಂತ, 2019ರಲ್ಲಿ 10,000 ಕೋಟಿಯ ಎರಡನೇ ಹಂತ. ಎರಡನೆಯದು ಸೀಸವನ್ನು ಹೊರಗಿಟ್ಟಿತು, ಅದು ಸರಿಯೇ. ಹಣ ಅಳೆದ ರೀತಿ ಮಾತ್ರ ನನಗೆ ಇಂದಿಗೂ ಒಪ್ಪಿಗೆಯಿಲ್ಲ. ದ್ವಿಚಕ್ರ ವಾಹನಗಳಿಗೆ ಪ್ರತಿ ಕಿಲೋವ್ಯಾಟ್ ಅವರ್‌ಗೆ 10,000 ರೂಪಾಯಿ, 2021ರ ಜೂನ್‌ನಿಂದ 15,000, 2023ರ ಜೂನ್‌ನಿಂದ ಮತ್ತೆ 10,000. ಬಳಿಕ 2024ರ ಅಕ್ಟೋಬರ್‌ನಲ್ಲಿ ಶುರುವಾದ ಪಿಎಂ ಇ-ಡ್ರೈವ್‌ನಲ್ಲಿ 5,000, ಮರುವರ್ಷ 2,500. ವಾರಂಟಿ, ಕನಿಷ್ಠ ಓಟದ ಷರತ್ತುಗಳಿದ್ದವು, ನಿಜ. ಆದರೆ ದುಡ್ಡು ಸಿಕ್ಕಿದ್ದು ಪೆಟ್ಟಿಗೆಯ ಗಾತ್ರಕ್ಕೆ, ಅದರ ಆಯುಷ್ಯಕ್ಕಲ್ಲ. ಹೆಚ್ಚು ಸಲ ಚಾರ್ಜ್ ತಡೆಯುವ, ಬಿಸಿಗೆ ಅಷ್ಟಾಗಿ ಬೆದರದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೂ, ಹಗುರವಾದರೂ ಬೇಗ ಸಿಟ್ಟಾಗುವ ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಬ್ಯಾಟರಿಗೂ ಒಂದೇ ದರ. 2022ರಲ್ಲಿ ಸ್ಕೂಟರ್‌ಗಳು ಬೆಂಕಿ ಹೊತ್ತಿಕೊಂಡ ಮೇಲಷ್ಟೇ ಸುರಕ್ಷತೆಯ ಮಾನದಂಡ ಬಿಗಿಯಾಯಿತು.

ರಾಜ್ಯ ಈ ನಡುವೆ ಸುಮ್ಮನಿರಲಿಲ್ಲ. ವಿದ್ಯುತ್ ವಾಹನ ಮತ್ತು ಶಕ್ತಿ ಸಂಗ್ರಹಣೆಗೆಂದೇ ನೀತಿ ಬರೆದ ಮೊದಲ ರಾಜ್ಯ ಕರ್ನಾಟಕ, 2017ರ ಸೆಪ್ಟೆಂಬರ್‌ನಲ್ಲಿ. ಗುರಿ 31,000 ಕೋಟಿ ಹೂಡಿಕೆ, 55,000 ಉದ್ಯೋಗ. ಬೆಂಗಳೂರಿನಲ್ಲೇ ಬೆಳೆದ ಸ್ಕೂಟರ್ ಕಂಪನಿ ಏಥರ್ 2021ರಲ್ಲಿ ಹೊಸೂರಿನಲ್ಲಿ ಕಾರ್ಖಾನೆ ತೆರೆಯಿತು. ಓಲಾ ಕೂಡ ಅದೇ ಕೃಷ್ಣಗಿರಿ ಜಿಲ್ಲೆಗೆ ಹೋಯಿತು. ನೀತಿ ಮೊದಲು ಬರೆದವರು ನಾವು, ಕಟ್ಟಡ ಮೊದಲು ಎಬ್ಬಿಸಿಕೊಂಡವರು ತಮಿಳುನಾಡಿನವರು.

ಪಿಎಲ್‌ಐ ಫಲವೂ ವಿಚಿತ್ರ. 50 ಗಿಗಾವ್ಯಾಟ್ ಅವರ್ ಗುರಿಯಲ್ಲಿ 5 ಗಿಗಾವ್ಯಾಟ್ ಅವರ್ ಗೆದ್ದ ರಾಜೇಶ್ ಎಕ್ಸ್‌ಪೋರ್ಟ್ಸ್ ಧಾರವಾಡದಲ್ಲಿ ಕಾರ್ಖಾನೆ ಕಟ್ಟುವುದಾಗಿ ಹೇಳಿತ್ತು. ಚಿನ್ನದ ವ್ಯಾಪಾರದಲ್ಲಿ ಹೆಸರಾದ ಕಂಪನಿ ಸೆಲ್ ಮಾಡುವುದೆಂದಾಗಲೇ ನಮ್ಮಂಥವರು ಹುಬ್ಬೇರಿಸಿದ್ದೆವು. ಗಡುವು ದಾಟಿತು, ಕೇಂದ್ರ ದಂಡದ ನೋಟಿಸ್ ಕೊಟ್ಟಿತು. ಪಿಎಲ್‌ಐ ಗೆದ್ದವರ ಪಟ್ಟಿಯಲ್ಲಿ ಇಲ್ಲದ ಎಕ್ಸೈಡ್, ದೇವನಹಳ್ಳಿಯ ಹರಳೂರಿನಲ್ಲಿ 12 ಗಿಗಾವ್ಯಾಟ್ ಅವರ್ ಸಾಮರ್ಥ್ಯದ ಕಾರ್ಖಾನೆಗೆ ಕೈಹಾಕಿತು. ಅದು ಸೀಸದ ಬ್ಯಾಟರಿಯಲ್ಲಿ ದಶಕಗಳಿಂದ ಪಳಗಿದ ಕಂಪನಿ ಎಂಬುದು ಕಾಕತಾಳೀಯವಲ್ಲ. ಬಳ್ಳಾರಿ ಕಡೆ ಎಪ್ಸಿಲಾನ್ ಸಂಸ್ಥೆ ಉಕ್ಕಿನ ಕಾರ್ಖಾನೆಯ ಕಲ್ಲಿದ್ದಲ ಟಾರಿನಿಂದ ಆನೋಡ್‌ಗೆ ಬೇಕಾದ ಗ್ರಾಫೈಟ್ ಮಾಡುವ ದಾರಿ ಹಿಡಿದಿದೆ. ಗಿಗಾ ಮಾತಿನ ಅಬ್ಬರದಲ್ಲಿ ಈ ಕೆಲಸಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಚೀನಾ 2023ರ ಡಿಸೆಂಬರ್‌ನಿಂದ ಗ್ರಾಫೈಟ್ ರಫ್ತಿಗೆ ಅನುಮತಿಯ ಬೇಲಿ ಹಾಕಿತು, 2025ರ ಜುಲೈನಲ್ಲಿ ಕ್ಯಾಥೋಡ್ ತಂತ್ರಜ್ಞಾನಕ್ಕೂ ಹಾಕಿತು. ಮಂಡ್ಯದ ಮರಳಗಾಲದ ಲಿಥಿಯಂ ನಮ್ಮನ್ನು ಪಾರುಮಾಡುತ್ತದೆಂದು ನಂಬಿದವರಿಗೆ ಪರಮಾಣು ಖನಿಜ ನಿರ್ದೇಶನಾಲಯದ ಅಂದಾಜು ನೆನಪಿಸಬೇಕು: 14,100 ಟನ್ ಎಂದು ಸುದ್ದಿಯಾದದ್ದು ಕೊನೆಗೆ 1,600 ಟನ್ನಿಗೆ ಇಳಿಯಿತು. ನನಗೆ ಅದಕ್ಕಿಂತ ಭರವಸೆ ಕಾಣುವುದು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ತಂಡ ಮಾಡುತ್ತಿರುವ ಸೋಡಿಯಂ-ಅಯಾನ್ ಕೆಲಸದಲ್ಲಿ. ಉಪ್ಪಿಗೆ ನಾವು ಯಾರ ಮುಂದೆಯೂ ಕೈಚಾಚಬೇಕಿಲ್ಲ.

2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕ್ಲೀನ್ ಮೊಬಿಲಿಟಿ ನೀತಿ ಹೊರತಂದಿತು: 50,000 ಕೋಟಿ ಹೂಡಿಕೆ, ಒಂದು ಲಕ್ಷ ಉದ್ಯೋಗ. ಅಂಕಿ ದೊಡ್ಡದಾಗಿದೆ, ದಿಕ್ಕು ಅದೇ.

ಸುಸ್ಥಿರ ಎಂಬ ಮಾತು ಈ ಎಲ್ಲ ಕಡತಗಳಲ್ಲಿದೆ. ಅದಕ್ಕೆ ಹಲ್ಲು ಕೊಟ್ಟದ್ದು 2022ರ ಆಗಸ್ಟ್‌ನ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು. ಉತ್ಪಾದಕರೇ ಹಳೆಯದನ್ನು ಸಂಗ್ರಹಿಸಬೇಕು, ಹೂಳುವಂತಿಲ್ಲ, ಸುಡುವಂತಿಲ್ಲ. ವಿದ್ಯುತ್ ವಾಹನದ ಬ್ಯಾಟರಿಯಲ್ಲಿ 2027-28ರಿಂದ ಶೇ. 5ರಷ್ಟು, 2030-31ಕ್ಕೆ ಶೇ. 20ರಷ್ಟು ಮರುಬಳಕೆಯ ವಸ್ತು ಇರಬೇಕು. ಚೆನ್ನಾಗಿದೆ. ಆ ಹಳೆ ಬ್ಯಾಟರಿ ತೀರ್ಥಹಳ್ಳಿಯಿಂದ ಹೊರಡುವುದು ಹೇಗೆ? 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದಾಗಿನಿಂದ ತುಮರಿ ಕಡೆಯವರೂ ಲಾಂಚ್‌ಗೆ ಕಾಯದೆ ಸ್ಕೂಟರ್‌ನಲ್ಲಿ ಸಾಗರಕ್ಕೆ ಬರಬಹುದು. ಆ ಸ್ಕೂಟರ್‌ನ ಪ್ಯಾಕ್ ಸತ್ತಾಗ ಗುಜರಿಯವರು ಅದಕ್ಕೆ ದರ ಹೇಳುವುದಿಲ್ಲ. ಹೇಳದಿರುವುದೇ ವಾಸಿ, ಮಳೆಗೆ ನೆನೆದ ಪ್ಯಾಕನ್ನು ಸುತ್ತಿಗೆಯಲ್ಲಿ ಒಡೆದರೆ ಅಂಗಡಿಯೇ ಹೊತ್ತಿಕೊಳ್ಳುತ್ತದೆ. ರಿಪೇರಿ ಬಲ್ಲ ಹುಡುಗರು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಪೇಟೆಗಳಲ್ಲಿದ್ದಾರೆ. ಆದರೆ ಪ್ಯಾಕ್‌ನೊಳಗಿನ ಬಿಎಂಎಸ್, ಅಂದರೆ ಬ್ಯಾಟರಿಯನ್ನು ನಿಯಂತ್ರಿಸುವ ಸರ್ಕ್ಯೂಟು, ಕಂಪನಿಯ ಕೀಲಿಯಿಲ್ಲದೆ ಬಾಯಿ ಬಿಡುವುದಿಲ್ಲ. ತೆರಿಗೆಯೂ ಹಾಗೆಯೇ: ಹೊಸ ವಿದ್ಯುತ್ ಸ್ಕೂಟರ್‌ಗೆ ಜಿಎಸ್‌ಟಿ ಶೇ. 5, ಇದ್ದ ಸ್ಕೂಟರನ್ನೇ ಉಳಿಸಿಕೊಂಡು ಬ್ಯಾಟರಿ ಮಾತ್ರ ಬದಲಿಸಿದರೆ ಶೇ. 18.

ಎರಡನೇ ಬಾಳಿನ ಮಾತೂ ಇದೆ. ವಾಹನಕ್ಕೆ ಸಾಲದ ಬ್ಯಾಟರಿ ಮನೆಯ ದೀಪಕ್ಕೆ ಇನ್ನಷ್ಟು ವರ್ಷ ಸಾಕು. ಬೆಂಗಳೂರಿನ ನೂನಮ್ ಸಂಸ್ಥೆ ಆಡಿ ಕಾರಿನ ಬಳಸಿದ ಬ್ಯಾಟರಿಯನ್ನು ಆಟೊರಿಕ್ಷಾಗೆ ಕೂರಿಸಿ ಓಡಿಸಿ ತೋರಿಸಿತು. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕಗಳಲ್ಲೊಂದಾದ ಇ-ಪರಿಸರ ಇರುವುದೂ ನಮ್ಮ ದಾಬಸ್‌ಪೇಟೆಯಲ್ಲೇ. ಇಂಥವನ್ನು ಹಳ್ಳಿಯ ಇನ್ವರ್ಟರ್‌ವರೆಗೆ ತಲುಪಿಸುವ ಪ್ರೋತ್ಸಾಹಧನ ಯಾವ ನೀತಿಯ ಮೊದಲ ಪುಟಕ್ಕೂ ಬಂದಿಲ್ಲ.

ಬದಲಿಗೆ ಸಂಗ್ರಹಣೆ ಎಂದೊಡನೆ ಮಲೆನಾಡಿಗೆ ಸಿಕ್ಕಿರುವುದು ಶರಾವತಿ ಪಂಪ್ಡ್ ಸ್ಟೋರೇಜ್. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸುವ 2,000 ಮೆಗಾವ್ಯಾಟ್ ಯೋಜನೆ, ಸಿಂಗಳೀಕಗಳ ಅಭಯಾರಣ್ಯದೊಳಗೆ. ಗಾಳಿ, ಬಿಸಿಲಿನ ಕರೆಂಟ್ ಕೂಡಿಡಲು ದೊಡ್ಡ ಸಂಗ್ರಹ ಬೇಕೆಂಬುದನ್ನು ಈ ಕ್ಷೇತ್ರದವನಾಗಿ ನಾನು ಅಲ್ಲಗಳೆಯಲಾರೆ. ಆದರೆ ಈ ಯೋಜನೆಯ ವಿರುದ್ಧ ಸಾಗರ, ಹೊನ್ನಾವರದಲ್ಲಿ ಜನ ಬೀದಿಗಿಳಿದಾಗ ಅವರನ್ನು ಅಭಿವೃದ್ಧಿ ವಿರೋಧಿಗಳೆಂದು ಕರೆದವರು, ಬಳಸಿದ ಬ್ಯಾಟರಿಗಳಿಂದ ಎಷ್ಟು ಸಂಗ್ರಹ ಸಾಧ್ಯ ಎಂಬ ಲೆಕ್ಕವನ್ನು ಪಕ್ಕದಲ್ಲಿಟ್ಟು ಮಾತಾಡಿದ್ದನ್ನು ಮಾತ್ರ ನಾನು ಕೇಳಿಲ್ಲ.

ಬೇಕಾದದ್ದು ದೊಡ್ಡದೇನಲ್ಲ. ತಾಲ್ಲೂಕಿಗೊಂದು ಒಣ ಗೋದಾಮು, ಗುಜರಿಯವರಿಗೂ ಮೆಕ್ಯಾನಿಕ್‌ಗಳಿಗೂ ತರಬೇತಿ, ವಾರಂಟಿ ಮುಗಿದ ಪ್ಯಾಕ್‌ನ ಬಿಎಂಎಸ್ ತೆರೆಯುವ ಹಕ್ಕು, ಹಳೆ ಲಿಥಿಯಂ ಪ್ಯಾಕ್‌ಗೆ ಕಿಲೋ ಲೆಕ್ಕದ ಪ್ರಕಟಿತ ದರ. ಇದರ ಖರ್ಚು ಕ್ಲೀನ್ ಮೊಬಿಲಿಟಿ ನೀತಿಯ ಯಾವ ಬಾಬಿನಿಂದ ಬರಬೇಕೆಂದು, 2027-28ಕ್ಕೆ ಮುಂಚೆ, ಕೈಗಾರಿಕಾ ಇಲಾಖೆ ಹೇಳಬೇಕು.