ನಿರಂಕುಶ

ಆನೆಯನ್ನು ಹತೋಟಿಯಲ್ಲಿಡಲು ಮಾವುತ ಹಿಡಿಯುವ ಕೊಕ್ಕೆಯೇ ಅಂಕುಶ. ಅದಿಲ್ಲದ್ದು ನಿರಂಕುಶ. ಸಂಸ್ಕೃತದಿಂದ ಬಂದ ಈ ಪದ ನಮ್ಮ ಚರಿತ್ರೆಯ ಪಾಠಗಳಲ್ಲಿ 'ನಿರಂಕುಶ ಪ್ರಭುತ್ವ'ವಾಗಿ ಯುರೋಪಿನ ದೊರೆಗಳಿಗೆ ಅಂಟಿಕೊಂಡಿದೆ.

ಇದಕ್ಕೆ ಯುರೋಪಿನವರು ಬಳಸುವ 'ಅಬ್ಸಲ್ಯೂಟ್' ಪದದ ಬೇರು ಲ್ಯಾಟಿನ್ನಿನದು. ಕಟ್ಟು ಬಿಚ್ಚಿದ್ದು ಎಂದರ್ಥ. ಅರಸನಿಗೆ ಕಾನೂನಿನ ಕಟ್ಟಿಲ್ಲ ಎಂಬ ರೋಮನ್ ನ್ಯಾಯಶಾಸ್ತ್ರದ ಮಾತು ಇದರ ಹಿಂದಿದೆ. ನನಗೆ ನಮ್ಮ ಪದವೇ ಮೇಲೆನಿಸುತ್ತದೆ. ಆನೆಯ ಭಾರವೂ ಅದರ ಕಾಲಡಿಯ ಜನರೂ ಅದರಲ್ಲಿ ಕಾಣುತ್ತಾರೆ.

ಆದರೆ ಅಂಕುಶ ನಿಜಕ್ಕೂ ಇರಲಿಲ್ಲವೇ? 1576ರಲ್ಲಿ ಸಾರ್ವಭೌಮತ್ವವನ್ನು ವಿವರಿಸಿದ ಫ್ರಾನ್ಸಿನ ಜೀನ್ ಬೋಡಿನ್ ಕೂಡ ದೊರೆಯನ್ನು ದೈವನಿಯಮಕ್ಕೂ ನಿಸರ್ಗನಿಯಮಕ್ಕೂ ಕಟ್ಟಿದ್ದ. ಪ್ರಜೆಗಳ ಆಸ್ತಿಯನ್ನು ಮನಬಂದಂತೆ ಕಸಿಯುವಂತಿಲ್ಲ ಎಂದಿದ್ದ. ಅದೇ ಫ್ರಾನ್ಸನ್ನು 1661ರಿಂದ ಪ್ರಧಾನಮಂತ್ರಿಯೇ ಇಲ್ಲದೆ ಆಳಿದವನು ಹದಿನಾಲ್ಕನೆಯ ಲೂಯಿ. ಅವನ ಆಜ್ಞೆಗಳೂ ಪ್ಯಾರಿಸ್ಸಿನ 'ಪಾರ್ಲಮಾಂ' ಎಂಬ ಉನ್ನತ ನ್ಯಾಯಾಲಯದಲ್ಲಿ ದಾಖಲಾಗಬೇಕಿತ್ತು. ದಾಖಲಿಸುವ ಮುನ್ನ ನ್ಯಾಯಾಧೀಶರು ಆಕ್ಷೇಪ ಎತ್ತಬಹುದಿತ್ತು. 1673ರಲ್ಲಿ ಲೂಯಿ, ಮೊದಲು ದಾಖಲಿಸಿ ಆಮೇಲೆ ಆಕ್ಷೇಪಿಸಿ ಎಂದು ಆ ಹಕ್ಕನ್ನು ಮೊಟಕುಗೊಳಿಸಿದ. 1715ರಲ್ಲಿ ಅವನು ತೀರಿಕೊಂಡ ಕೆಲವೇ ದಿನಗಳಲ್ಲಿ ಹಕ್ಕು ಮರಳಿತು. ಆ ನ್ಯಾಯಾಧೀಶರು ಹಣ ಕೊಟ್ಟು ಹುದ್ದೆ ಕೊಂಡವರು, ಮಕ್ಕಳಿಗೆ ಅದನ್ನು ದಾಟಿಸಬಲ್ಲವರು. ಅವರನ್ನು ಕಿತ್ತೊಗೆಯುವುದು ಯಾವ ದೊರೆಗೂ ಸುಲಭವಿರಲಿಲ್ಲ. ಇಂಗ್ಲೆಂಡಿನಲ್ಲಂತೂ 1649ರಲ್ಲಿ ದೊರೆ ಒಂದನೆಯ ಚಾರ್ಲ್ಸ್‌ನ ತಲೆಯೇ ಉರುಳಿತು.

ಹಾಗಾಗಿ 'ನಿರಂಕುಶ' ಎಂಬುದು ಆ ದೊರೆಗಳ ಹಂಬಲಕ್ಕೆ ಒಪ್ಪುವ ಪದ, ಅವರ ವಾಸ್ತವಕ್ಕಲ್ಲ.

ಕನ್ನಡದಲ್ಲಿ ಈ ಪದಕ್ಕೆ ಇನ್ನೊಂದು ಬಾಳೂ ಇದೆ. ಕುವೆಂಪು ತರುಣರಿಗೆ 'ನಿರಂಕುಶಮತಿ'ಗಳಾಗಲು ಕರೆಕೊಟ್ಟಾಗ ಅದು ಸ್ವತಂತ್ರ ವಿಚಾರದ ಹೆಸರಾಯಿತು.