ಅಗುಳಿ ಯಾರ ಕೈಯಲ್ಲಿ?

ಕೃಷ್ಣಾ ದಂಡೆಯ ಅಂಕಲಿ ಸೀಮೆಯ ಹಳೆಯ ಮನೆಗಳಲ್ಲಿ ತಲೆಬಾಗಿಲಿನ ಅಗುಳಿ ಇರುವುದು ಒಳಗಡೆ. ಹೊರಗೆ ನಿಂತವರು ಕದ ತಟ್ಟಬಹುದು, ಕೂಗಬಹುದು. ಅಗುಳಿ ತೆಗೆಯುವುದು ಒಳಗಿದ್ದವರ ಇಚ್ಛೆ. ಈಗ ಇಂಥ ಮನೆಗಳಿಗೂ ಲ್ಯಾಪ್‌ಟಾಪ್ ಬಂದಿದೆ, ಅದರ ನೆತ್ತಿಯ ಮೇಲೆ ಕಾಳಿನಷ್ಟು ಚಿಕ್ಕ ಕ್ಯಾಮೆರಾ ಕುಳಿತಿದೆ. 2020ರಲ್ಲಿ ಕೊರೊನಾ ಕಾರಣ ಶಾಲೆಗಳು ಮುಚ್ಚಿ ಪಾಠಗಳು ಆನ್‌ಲೈನ್ ಆದಾಗ ಈ ಕಣ್ಣು ಪಡಸಾಲೆಗೂ ಹೊಕ್ಕಿತು. ಇದರ ಅಗುಳಿ ಯಾರ ಕೈಯಲ್ಲಿದೆ?

ವೆಬ್‌ಕ್ಯಾಮ್‌ನ ಹುಟ್ಟು ನಿರುಪದ್ರವಿಯಾದದ್ದು. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ತಜ್ಞರು ಕಾಫಿ ಪಾತ್ರೆಯೆದುರು ಕ್ಯಾಮೆರಾ ಇಟ್ಟರು. ಕಾಫಿ ಉಳಿದಿದೆಯೋ ಖಾಲಿಯೋ ಎಂದು ಕುಳಿತಲ್ಲೇ ತಿಳಿಯುವುದಷ್ಟೇ ಉದ್ದೇಶ. 1994ರಲ್ಲಿ ಕನೆಕ್ಟಿಕ್ಸ್ ಕಂಪನಿಯ 'ಕ್ವಿಕ್‌ಕ್ಯಾಮ್' ಮಾರುಕಟ್ಟೆಗೆ ಬಂತು. ಆಗ ಅದು ತಂತಿಯಿಂದ ಜೋಡಿಸುವ ಬೇರೆ ಸಾಧನ, ಬೇಡವಾದರೆ ಕಿತ್ತಿಟ್ಟರಾಯಿತು. 2003ರ ಆ್ಯಪಲ್ 'ಐಸೈಟ್' ಕ್ಯಾಮೆರಾದ ತುದಿ ತಿರುಗಿಸಿದರೆ ಮಸೂರವೇ ಮುಚ್ಚಿಕೊಳ್ಳುತ್ತಿತ್ತು. ಕ್ಯಾಮೆರಾ ಕಂಪ್ಯೂಟರಿನೊಳಗೇ ಸೇರಿಕೊಂಡ ಮೇಲೆ ಈ ಅನುಕೂಲ ತಪ್ಪಿತು.

ಇದರ ಪರಿಣಾಮ ಬಯಲಾದದ್ದು 2010ರಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾದ ಲೋವರ್ ಮೆರಿಯನ್ ಶಾಲಾ ಆಡಳಿತ ವಿದ್ಯಾರ್ಥಿಗಳಿಗೆ ಕೊಟ್ಟ ಲ್ಯಾಪ್‌ಟಾಪ್‌ಗಳು ಅವರ ಮನೆಗಳಲ್ಲೇ ಗುಟ್ಟಾಗಿ ಚಿತ್ರ ತೆಗೆದಿದ್ದವು. ಮೊಕದ್ದಮೆ 6 ಲಕ್ಷ 10 ಸಾವಿರ ಡಾಲರ್ ಪರಿಹಾರದ ರಾಜಿಯಲ್ಲಿ ಮುಗಿಯಿತು. ಕ್ಯಾಮೆರಾ ಪಕ್ಕದ ದೀಪ ಉರಿದರೆ ತಿಳಿಯುತ್ತದಲ್ಲ ಎಂಬ ನಂಬಿಕೆಯೂ ಉಳಿಯಲಿಲ್ಲ. 2013ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಮ್ಯಾಕ್‌ಬುಕ್‌ಗಳ ಕ್ಯಾಮೆರಾದೊಳಗಿನ ತಂತ್ರಾಂಶವನ್ನು ಬದಲಿಸಿ, ದೀಪ ಉರಿಯದಂತೆಯೇ ಚಿತ್ರ ತೆಗೆದು ತೋರಿಸಿದರು. 2016ರಲ್ಲಿ ಫೇಸ್‌ಬುಕ್ ಸಂಸ್ಥಾಪಕ ಮಾರ್ಕ್ ಜುಕರ್‌ಬರ್ಗ್ ಅವರ ಲ್ಯಾಪ್‌ಟಾಪ್ ಕ್ಯಾಮೆರಾದ ಮೇಲೆ ಟೇಪ್ ಅಂಟಿಸಿದ್ದುದು ಛಾಯಾಚಿತ್ರವೊಂದರಲ್ಲಿ ಕಂಡುಬಂತು.

ನಂತರದ ವರ್ಷಗಳಲ್ಲಿ ಅನೇಕ ಲ್ಯಾಪ್‌ಟಾಪ್‌ಗಳಿಗೆ ಕ್ಯಾಮೆರಾ ಮುಚ್ಚುವ ಸ್ವಿಚ್ ಬಂತು. ಜೊತೆಗೆ ಹೊಸ ತೊಡಕೂ ಬಂತು. ಸ್ವಿಚ್ ಹಾಕಿದ್ದನ್ನು ಮರೆತವರಿಗೆ ಪರದೆ ಕಪ್ಪಾಗಿ ಕಾಣುತ್ತದೆ. ಯಂತ್ರ ಕೆಟ್ಟಿತೆಂದು ರಿಪೇರಿಗೆ ಒಯ್ಯುತ್ತಾರೆ. ಇಲ್ಲಿ ಕೆಲಸಕ್ಕೆ ಬರುವುದು 'ಡ್ರೈವರ್'. ಯಂತ್ರಭಾಗಕ್ಕೂ ಕಂಪ್ಯೂಟರ್ ನಡೆಸುವ ಮೂಲ ವ್ಯವಸ್ಥೆಗೂ ನಡುವೆ ನಿಂತ ದುಭಾಷಿ ತಂತ್ರಾಂಶ ಅದು.

ಯುಎಸ್‌ಬಿ ಕ್ಯಾಮೆರಾಗಳ ಮಾನದಂಡದಲ್ಲಿ ಇದಕ್ಕೆಂದೇ ಒಂದು ಸಂಕೇತವಿದೆ: 0 ಎಂದರೆ ತೆರೆದಿದೆ, 1 ಎಂದರೆ ಮುಚ್ಚಿದೆ. ಸ್ಥಿತಿ ಬದಲಾದೊಡನೆ ಸಾಧನವೇ ತಿಳಿಸಬೇಕು. ಹೀಗೆ ತಿಳಿದುಬಂದದ್ದನ್ನು ಡ್ರೈವರ್ ಮೇಲಕ್ಕೆ ಮುಟ್ಟಿಸಿದರೆ, ಕಪ್ಪು ಪರದೆಯ ಬದಲು 'ಕ್ಯಾಮೆರಾ ಮುಚ್ಚಿದೆ' ಎಂಬ ಒಂದು ಸಾಲು ಕಾಣಿಸಬಹುದು. ಲಿನಕ್ಸ್ ವ್ಯವಸ್ಥೆಯ ನಿಯಮದಂತೆ ಈ ಸ್ಥಿತಿಯನ್ನು ಓದಲು ಅವಕಾಶ ಇರಲೇಬೇಕು. ಬದಲಿಸಲು ಅವಕಾಶ ಇದ್ದರೂ ಇರಬಹುದು. ಅಪಾಯ ಇರುವುದು ಈ ಎರಡನೆಯದರಲ್ಲಿ. ತಂತ್ರಾಂಶ ತೆರೆಯಬಲ್ಲ ಅಗುಳಿಯನ್ನು, ಆ ತಂತ್ರಾಂಶದೊಳಗೆ ನುಸುಳಿದ ಕಳ್ಳನೂ ತೆರೆಯಬಲ್ಲ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದರು. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದ್ದು ಅದೇ ಪ್ರಕರಣದಲ್ಲಿ. ಪುಟ್ಟಸ್ವಾಮಿ 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಹಕ್ಕು ತೀರ್ಪಿನಲ್ಲಿದ್ದರೆ ಸಾಲದು, ಕೈಗೆಟುಕುವ ಯಂತ್ರದಲ್ಲೂ ಇರಬೇಕಾಗುತ್ತದೆ.

ಆದ್ದರಿಂದ ಸ್ವಿಚ್ ಕ್ಯಾಮೆರಾದ ವಿದ್ಯುತ್ತನ್ನೋ ಬೆಳಕನ್ನೋ ನೇರವಾಗಿ ತಡೆಯುವುದೇ ಮೇಲು. ಡ್ರೈವರ್ ಬಾಗಿಲ ಬಳಿಯ ಆಳಿನಂತೆ ಕದ ಮುಚ್ಚಿದೆ ಎಂದು ನಿಜ ಹೇಳಲಿ. ಅಗುಳಿ ತೆಗೆಯುವ ಅಧಿಕಾರ ಮಾತ್ರ ಮನೆಯವರಲ್ಲೇ ಉಳಿಯಲಿ.